ಸೌರ ಫಲಕದ ಅಳತೆಯೂ ದೇಶದೇಶಗಳ ತಿಳಿವಳಿಕೆಯ ವಿನಿಮಯವೂ

ಸೂರ್ಯನ ಬೆಳಕನ್ನು ನೇರವಾಗಿ ವಿದ್ಯುಚ್ಛಕ್ತಿಯನ್ನಾಗಿ ಮಾರ್ಪಡಿಸುವ ಫಲಕಗಳು ಈಗ ನಮ್ಮ ನಾಡಿನಲ್ಲಿ ಅಪೂರ್ವ ವಸ್ತುಗಳಾಗಿ ಉಳಿದಿಲ್ಲ. ಹುಬ್ಬಳ್ಳಿಯ ಬೆಂಗೇರಿಯಂಥ ಬಡಾವಣೆಯಲ್ಲಿಯೂ ಮಾಳಿಗೆಗಳ ಮೇಲೆ ಅವು ಕಾಣಬರುತ್ತವೆ. ಜನರು ಅವನ್ನು ‘ಸೋಲಾರ್’ ಎಂಬ ಒಂದೇ ಮಾತಿನಿಂದ ಕರೆಯುವರು. ಸ್ನಾನದ ನೀರು ಕಾಯಿಸುವ ಯಂತ್ರಕ್ಕೂ ಅದೇ ಹೆಸರು ಸಲ್ಲುತ್ತದೆ. ಈ ಲೇಖನಕ್ಕೆ ಸಂಬಂಧಪಟ್ಟದ್ದು ವಿದ್ಯುತ್ತನ್ನು ಹುಟ್ಟಿಸುವ ಫಲಕ ಮಾತ್ರ.

ಅಂಥ ಪ್ರತಿಯೊಂದು ಫಲಕದ ಹಿಂಬದಿಯಲ್ಲಿ ಒಂದು ಚೀಟಿ ಅಂಟಿಸಿರುತ್ತದೆ. ಅದರಲ್ಲಿ ಫಲಕದ ಶಕ್ತಿ ಇಷ್ಟು ವ್ಯಾಟ್ ಎಂದು ಬರೆದಿರುತ್ತದೆ. ಫಲಕದೊಡನೆ ಬರುವ ಭರವಸೆಯ ಪತ್ರದಲ್ಲಿ ಅದು ೨೫ ವರ್ಷ ನಡೆಯುವುದೆಂಬ ಮಾತು ಇರುತ್ತದೆ. ಕೊಳ್ಳುವವನು ಈ ಎರಡು ಅಂಕೆಗಳನ್ನು ನಂಬಿಯೇ ಹಣ ತೆರುತ್ತಾನೆ. ಅನೇಕರು ಸಾಲಮಾಡಿ ತೆರುತ್ತಾರೆ. ಆ ವ್ಯಾಟನ್ನು ಅಳೆದವರು ಯಾರು? ಆ ೨೫ ವರ್ಷಗಳನ್ನು ಯಾವ ಆಧಾರದ ಮೇಲೆ ಹೇಳಲಾಯಿತು? ಎಲ್ಲಿಯೋ ಅಳೆದುದು ಇಲ್ಲಿಯ ಬಿಸಿಲಿಗೂ ಸಲ್ಲುವುದೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋದರೆ, ಆ ಚಿಕ್ಕ ಚೀಟಿಯ ಹಿಂದೆ ಅನೇಕ ದೇಶಗಳ ಶಾಸ್ತ್ರಜ್ಞರು ಪರಸ್ಪರ ಹಂಚಿಕೊಂಡ ತಿಳಿವಳಿಕೆಯ ದೀರ್ಘ ಚರಿತ್ರೆಯಿರುವುದು ಗೊತ್ತಾಗುತ್ತದೆ. ಈ ಹಂಚಿಕೆಯಲ್ಲಿ ನಾವು ಬಹಳವಾಗಿ ಪಡೆದವರು, ಸ್ವಲ್ಪ ಕೊಟ್ಟವರು. ನಮ್ಮ ಬಿಸಿಲಿನ ಅನುಭವವು ಹೊರಗೆ ಹೋಗಿ ಸೇರದ ಹೊರತು ಆ ಅಂಕೆಗಳು ನಮ್ಮ ಮಟ್ಟಿಗೆ ಪೂರ್ಣ ಸತ್ಯವಾಗಲಾರವು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸಲಾಗಿದೆ.

೧. ಚೀಟಿಯ ಮೇಲಿನ ಅಂಕೆ

ಫಲಕವೆಂಬುದು ಅನೇಕ ಸೌರಕೋಶಗಳ ಜೋಡಣೆ. ಕೋಶವೆಂದರೆ ಸಿಲಿಕಾನ್ ಧಾತುವಿನ ತೆಳುವಾದ ಬಿಲ್ಲೆ. ಮರಳಿನಲ್ಲಿ ಅಡಗಿರುವ ಧಾತುವೇ ಇದು. ಇದನ್ನು ಅತ್ಯಂತ ಶುದ್ಧಗೊಳಿಸಿ, ಒಂದು ಭಾಗದಲ್ಲಿ ಬೋರಾನನ್ನೂ ಇನ್ನೊಂದು ಭಾಗದಲ್ಲಿ ರಂಜಕವನ್ನೂ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದರೆ, ಅವೆರಡರ ಸಂಧಿಯಲ್ಲಿ ಒಂದು ವಿದ್ಯುತ್‌ಕ್ಷೇತ್ರವು ನೆಲಸುತ್ತದೆ. ಬೆಳಕು ಬಿದ್ದಾಗ ಬಿಡುಗಡೆ ಹೊಂದಿದ ಎಲೆಕ್ಟ್ರಾನುಗಳನ್ನು ಆ ಕ್ಷೇತ್ರವು ಒಂದೇ ದಿಕ್ಕಿಗೆ ನೂಕುವುದರಿಂದ ಹೊರಗಿನ ತಂತಿಯಲ್ಲಿ ವಿದ್ಯುತ್ಪ್ರವಾಹವು ಹರಿಯುತ್ತದೆ. ಇದರಲ್ಲಿ ತಿರುಗುವ ಚಕ್ರವಿಲ್ಲ, ಸುಡುವ ಇಂಧನವಿಲ್ಲ, ಸದ್ದಿಲ್ಲ.

ಆದರೆ ಪ್ರವಾಹದ ಪ್ರಮಾಣವು ಬೆಳಕಿನ ಹೆಚ್ಚುಕಡಿಮೆಗಳನ್ನೂ ಅದರ ಬಣ್ಣಗಳ ಮಿಶ್ರಣವನ್ನೂ ಕೋಶದ ಉಷ್ಣಮಾನವನ್ನೂ ಅನುಸರಿಸಿ ಬದಲಾಗುತ್ತಿರುವುದರಿಂದ, ‘ಇದು ೪೦೦ ವ್ಯಾಟಿನ ಫಲಕ’ ಎಂಬ ಮಾತಿಗೆ ತಾನಾಗಿ ಯಾವ ಅರ್ಥವೂ ಇಲ್ಲ. ಯಾವ ಸ್ಥಿತಿಯಲ್ಲಿ ೪೦೦ ಎಂಬುದನ್ನು ಮೊದಲು ಗೊತ್ತುಪಡಿಸಬೇಕು. ಆ ಸ್ಥಿತಿಯನ್ನು ಲೋಕದ ಪ್ರಯೋಗಶಾಲೆಗಳು ಹೀಗೆ ಗೊತ್ತುಪಡಿಸಿವೆ: ಪ್ರತಿ ಚದರ ಮೀಟರಿಗೆ ೧೦೦೦ ವ್ಯಾಟಿನಷ್ಟು ಬೆಳಕು ಬೀಳಬೇಕು; ಕೋಶದ ಉಷ್ಣಮಾನವು ೨೫ ಡಿಗ್ರಿ ಸೆಲ್ಸಿಯಸ್ ಇರಬೇಕು; ಬೆಳಕಿನ ವರ್ಣಪಟಲವು, ಸೂರ್ಯನು ನೆತ್ತಿಯಿಂದ ಸುಮಾರು ೪೮ ಡಿಗ್ರಿ ಇಳಿದಿರುವಾಗ ವಾತಾವರಣವನ್ನು ಒಂದೂವರೆ ಪಾಲು ದಾಟಿ ಬರುವ ಬಿಸಿಲಿನದಾಗಿರಬೇಕು. ಈ ವರ್ಣಪಟಲವನ್ನು ೩೭ ಡಿಗ್ರಿ ಓರೆಯಾಗಿ ನಿಲ್ಲಿಸಿದ ಮೇಲ್ಮೈಗೆ ಲೆಕ್ಕ ಹಾಕಿರುವರು; ಅಮೇರಿಕದ ಸಂಯುಕ್ತ ಸಂಸ್ಥಾನಗಳ ಅಕ್ಷಾಂಶಗಳಿಗೆ ಅದು ಸರಾಸರಿಯಾಗಿ ಹೊಂದುತ್ತದೆ.

ಈಗ ಹುಬ್ಬಳ್ಳಿಯ ಮಾತು. ಈ ಊರು ಉತ್ತರ ಅಕ್ಷಾಂಶ ೧೫ ಡಿಗ್ರಿಗೆ ತುಸು ಮೇಲೆ ಇದೆ. ಮೇ ತಿಂಗಳ ಆರಂಭದಲ್ಲಿಯೂ ಆಗಸ್ಟ್ ತಿಂಗಳ ನಡುವಿನ ಸುಮಾರಿಗೂ ಮಧ್ಯಾಹ್ನದ ಸೂರ್ಯನು ಇಲ್ಲಿ ನೇರವಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ; ಬೇಸಗೆಯ ಮಧ್ಯಾಹ್ನ ಬಿಸಿಲು ದಾಟುವ ವಾತಾವರಣವು ಒಂದೇ ಪಾಲಿಗೆ ಹತ್ತಿರವಾಗಿರುತ್ತದೆ. ಇಲ್ಲಿ ಫಲಕಕ್ಕೆ ೧೫ ಡಿಗ್ರಿಯಷ್ಟು ದಕ್ಷಿಣದ ಓರೆ ಸಾಕು. ಏಪ್ರಿಲ್ ತಿಂಗಳಲ್ಲಿ ಗಾಳಿಯ ಉಷ್ಣಮಾನವು ೩೬ ಅಥವಾ ೩೭ ಡಿಗ್ರಿಗೆ ಏರಿದಾಗ, ಬಿಸಿಲಲ್ಲಿ ಕಾದ ಕೋಶವು ೬೦ ಡಿಗ್ರಿಯನ್ನು ಸುಲಭವಾಗಿ ಮುಟ್ಟುತ್ತದೆ. ಕಾವು ಏರಿದಂತೆ ಸಿಲಿಕಾನ್ ಕೋಶದ ವೋಲ್ಟೇಜು ಇಳಿಯುವುದು ಪ್ರಕೃತಿನಿಯಮ. ಒಂದೊಂದು ಡಿಗ್ರಿಗೆ ಶಕ್ತಿಯು ಶೇಕಡಾ ೦.೩ ರಿಂದ ೦.೫ ರಷ್ಟು ಕಡಿಮೆಯಾಗುತ್ತದೆ. ನಡುವಿನ ಅಂಕೆಯಾದ ೦.೪ ನ್ನು ಹಿಡಿದರೆ, ೨೫ ಡಿಗ್ರಿಗಿಂತ ೩೫ ಡಿಗ್ರಿ ಮೇಲಿರುವ ಕೋಶವು ಶೇಕಡಾ ೧೪ ರಷ್ಟು ಕಳೆದುಕೊಳ್ಳುವುದು. ೪೦೦ ವ್ಯಾಟಿನ ಫಲಕವು ಪೂರ್ಣ ಬಿಸಿಲಿನಲ್ಲಿಯೂ ೩೪೪ ವ್ಯಾಟನ್ನೇ ಕೊಡುವುದು. ಚೀಟಿಯು ಸುಳ್ಳು ಹೇಳಿತೆನ್ನಲಾಗದು. ಅದು ಬೇರೊಂದು ಸ್ಥಿತಿಯ ಮಾತನ್ನು ಹೇಳಿತು. ಈ ಭೇದವನ್ನು ಅರಿಯದವನಿಗೆ ಮಾತ್ರ ಅದು ಮೋಸದಂತೆ ತೋರುವುದು. ಒಂದು ಕಿಲೋವ್ಯಾಟಿನ ಜೋಡಣೆಯಿಂದ ನಮ್ಮಲ್ಲಿ ದಿನಕ್ಕೆ ಸರಾಸರಿ ಸುಮಾರು ೪ ಯೂನಿಟ್ ವಿದ್ಯುತ್ತನ್ನು ನಿರೀಕ್ಷಿಸಬಹುದೆಂಬ ರೂಢಿಯ ಲೆಕ್ಕವು ಇಂಥ ನಷ್ಟಗಳನ್ನು ಕಳೆದು ಹೇಳಿದ್ದಾಗಿದೆ.

೨. ಒಂದೇ ಅಳತೆಯು ಬಂದ ಬಗೆ

ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು ಮೊದಲು ಕಂಡವನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್, ವರ್ಷ ೧೮೩೯. ೧೮೭೬ರಲ್ಲಿ ಇಂಗ್ಲೆಂಡಿನ ಆ್ಯಡಮ್ಸ್ ಮತ್ತು ಡೇ ಎಂಬವರು ಸೆಲೆನಿಯಂ ಎಂಬ ಘನಪದಾರ್ಥದಲ್ಲಿಯೂ ಇದೇ ಗುಣವನ್ನು ತೋರಿಸಿದರು. ೧೮೮೩ರ ಸುಮಾರಿಗೆ ನ್ಯೂಯಾರ್ಕಿನ ಚಾರ್ಲ್ಸ್ ಫ್ರಿಟ್ಸ್ ಎಂಬವನು ಸೆಲೆನಿಯಮ್ಮಿನ ಮೇಲೆ ತೆಳುವಾದ ಚಿನ್ನದ ಹೊದಿಕೆಯನ್ನು ಕೊಟ್ಟು ಫಲಕಗಳನ್ನು ಮಾಡಿದನು. ತನ್ನ ನೆರೆಹೊರೆಯವರು ನಂಬುವರೆಂದು ಕಾದು ಕೂಡ್ರದೆ, ಅವನು ಮಾದರಿಯನ್ನು ಜರ್ಮನಿಯಲ್ಲಿದ್ದ ವೆರ್ನರ್ ಸೀಮೆನ್ಸನಿಗೆ ಕಳುಹಿಸಿದನು. ಸೀಮೆನ್ಸನು ಅದನ್ನು ಪರೀಕ್ಷಿಸಿ ೧೮೮೫ರಲ್ಲಿ ಪ್ರಷ್ಯದ ವಿಜ್ಞಾನ ಅಕಾಡೆಮಿಯ ಮುಂದೆ ಇಟ್ಟನು. ಸೌರವಿದ್ಯುತ್ತಿನ ವಿಷಯದಲ್ಲಿ ಒಂದು ದೇಶದ ವಸ್ತುವನ್ನು ಇನ್ನೊಂದು ದೇಶದವರು ಅಳೆದು ಸಾಕ್ಷಿ ನುಡಿದ ಮೊದಲ ಪ್ರಸಂಗಗಳಲ್ಲಿ ಇದೊಂದು. ಫಲಕದ ಇಳುವರಿ ಅತ್ಯಲ್ಪವಾಗಿದ್ದಿತು. ಆದರೂ ಅಳೆದು ಹೇಳಿದ ಮಾತು ಉಳಿಯಿತು.

೧೯೫೪ರಲ್ಲಿ ಅಮೇರಿಕದ ಬೆಲ್ ಪ್ರಯೋಗಶಾಲೆಯ ಚೇಪಿನ್, ಫುಲ್ಲರ್, ಪಿಯರ್‌ಸನ್ ಎಂಬ ಮೂವರು ಸಿಲಿಕಾನಿನಿಂದ ಶೇಕಡಾ ೬ ರಷ್ಟು ಇಳುವರಿಯ ಕೋಶವನ್ನು ಮಾಡಿ ತೋರಿಸಿದರು. ೧೯೫೮ರಲ್ಲಿ ವ್ಯಾನ್‌ಗಾರ್ಡ್ ಉಪಗ್ರಹದೊಡನೆ ಅದು ಆಕಾಶಕ್ಕೆ ಏರಿತು. ಆಕಾಶದಲ್ಲಿ ಮಳೆಯಿಲ್ಲ, ಧೂಳಿಲ್ಲ. ಭೂಮಿಯ ಮೇಲೆ ಅದನ್ನು ಬಳಸುವ ಯೋಚನೆ ಬಲಗೊಂಡುದು ೧೯೭೩ರಲ್ಲಿ ತೈಲದ ಬೆಲೆ ಏರಿದ ಮೇಲೆ. ಆಗ ಹೊಸ ಪ್ರಶ್ನೆಗಳು ಹುಟ್ಟಿದವು: ಫಲಕವು ಮಳೆಯನ್ನೂ ಹಿಮವನ್ನೂ ಆಲಿಕಲ್ಲನ್ನೂ ತಡೆಯುವುದೆ? ಹಗಲಿನ ಕಾವು ರಾತ್ರಿಯ ತಂಪುಗಳಿಂದ ಅದರ ಬೆಸುಗೆಗಳು ಬಿಡುವುವೆ?

ಇದಕ್ಕೆ ಉತ್ತರವನ್ನು ಹುಡುಕುವ ಕೆಲಸವು ಎರಡು ಕಡೆ ನಡೆಯಿತು. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಶಾಲೆಯು ೧೯೭೫ರಿಂದ ಹತ್ತು ವರ್ಷಗಳವರೆಗೆ ಕಾರ್ಖಾನೆಗಳಿಂದ ಫಲಕಗಳನ್ನು ಕಂತುಕಂತಾಗಿ ಕೊಂಡು, ಕೆಟ್ಟುಹೋದುವುಗಳ ಕಾರಣವನ್ನು ತಿಳಿದು, ಮುಂದಿನ ಕಂತಿಗೆ ಪರೀಕ್ಷೆಗಳನ್ನು ಬಿಗಿಗೊಳಿಸುತ್ತ ಹೋಯಿತು. ಇಟಲಿಯ ಇಸ್‌ಪ್ರಾ ಎಂಬಲ್ಲಿ ಯುರೋಪಿನ ರಾಷ್ಟ್ರಗಳ ಸಂಯುಕ್ತ ಸಂಶೋಧನಕೇಂದ್ರವು ಅದೇ ಬಗೆಯ ಪರೀಕ್ಷೆಗಳನ್ನು ರಚಿಸಿತು. ಅಂತಾರಾಷ್ಟ್ರೀಯ ವಿದ್ಯುತ್‌ತಂತ್ರ ಆಯೋಗವು ಸೌರವಿದ್ಯುತ್ತಿಗಾಗಿ ೧೯೮೧ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಎರಡೂ ಕಡೆಯ ಅನುಭವವು ಕೂಡಿ, ೧೯೯೩ರಲ್ಲಿ ಆ ಆಯೋಗದ ೬೧೨೧೫ ಎಂಬ ಅಂಕೆಯ ಮಾನಕವಾಗಿ ಪ್ರಕಟವಾಯಿತು. ಅದರ ಪ್ರಕಾರ ಫಲಕವನ್ನು ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನಿಂದ ೮೫ ಡಿಗ್ರಿ ಮೇಲಿನವರೆಗೆ ೨೦೦ ಸಲ ತಂಪುಮಾಡಿ ಕಾಯಿಸಬೇಕು. ೮೫ ಡಿಗ್ರಿ ಕಾವು, ಶೇಕಡಾ ೮೫ ತೇವ ಇರುವ ಕೋಣೆಯಲ್ಲಿ ೧೦೦೦ ಗಂಟೆ ಇಡಬೇಕು. ೨೫ ಮಿಲಿಮೀಟರ್ ದಪ್ಪದ ಮಂಜುಗಡ್ಡೆಯ ಗುಂಡುಗಳನ್ನು ಸೆಕೆಂಡಿಗೆ ೨೩ ಮೀಟರ್ ವೇಗದಲ್ಲಿ ಅದರ ಮೇಲೆ ಹೊಡೆಯಬೇಕು. ಇವನ್ನು ತಾಳಿಕೊಂಡದ್ದು ಉತ್ತೀರ್ಣ.

ಇನ್ನು ವ್ಯಾಟನ್ನು ಅಳೆಯುವ ಮಾತು. ಒಂದೂರಿನ ಸೇರು ಇನ್ನೊಂದೂರಿನ ಸೇರಿಗೆ ಸಮವಿಲ್ಲದಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. ೧೯೫೬ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಆ ತೊಡಕು ತೀರಿತು. ಸೌರಕೋಶದ ಅಳತೆಯಲ್ಲಿಯೂ ಅದೇ ತೊಡಕು ಇದ್ದಿತು. ಒಂದೇ ಕೋಶವನ್ನು ಎರಡು ದೇಶಗಳಲ್ಲಿ ಅಳೆದರೆ ಎರಡು ಅಂಕೆಗಳು ಬರುತ್ತಿದ್ದವು. ಇದನ್ನು ಸರಿಪಡಿಸಲು ಗುರುತುಹಾಕಿದ ಕೋಶಗಳನ್ನು ದೇಶದಿಂದ ದೇಶಕ್ಕೆ ಸುತ್ತಿಸಿ, ಪ್ರತಿಯೊಂದು ಪ್ರಯೋಗಶಾಲೆಯೂ ಅಳೆದ ಫಲವನ್ನು ಒಂದೆಡೆ ಕೂಡಿಸಿ, ಭೇದವೆಲ್ಲಿ ಎಂಬುದನ್ನು ಬಹಿರಂಗವಾಗಿ ವಿಚಾರಿಸುವ ಪದ್ಧತಿಯು ೧೯೮೦ರ ಮತ್ತು ೧೯೯೦ರ ದಶಕಗಳಲ್ಲಿ ಬೆಳೆಯಿತು. ಬಿಸಿಲನ್ನು ಅಳೆಯುವ ಉಪಕರಣಗಳಿಗಾಗಿ ಇಂಥ ಕೂಟವು ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಸೇರುತ್ತದೆ. ನಾನಾ ದೇಶಗಳವರು ತಮ್ಮ ಉಪಕರಣಗಳನ್ನು ಅಲ್ಲಿಗೆ ಒಯ್ದು, ಒಂದೇ ಸೂರ್ಯನ ಎದುರಿಗೆ ಒಟ್ಟಿಗೆ ನಿಲ್ಲಿಸಿ ಹೋಲಿಸುತ್ತಾರೆ. ಭಾರತದಲ್ಲಿ ಹವಾಮಾನ ಇಲಾಖೆಯು ೧೯೫೭ರ ಅಂತಾರಾಷ್ಟ್ರೀಯ ಭೂಭೌತ ವರ್ಷದ ಸಂದರ್ಭದಲ್ಲಿ ಬಿಸಿಲಿನ ಕ್ರಮಬದ್ಧವಾದ ಅಳತೆಯನ್ನು ಆರಂಭಿಸಿತು. ಅದರ ಕೇಂದ್ರವು ಪುಣೆಯಲ್ಲಿದೆ. ಹೀಗೆ ದಾವೋಸಿನಿಂದ ಪುಣೆಗೆ, ಪುಣೆಯಿಂದ ನಮ್ಮ ಊರುಗಳಿಗೆ ಅಳತೆಯ ಒಂದು ಎಳೆಯು ಕಡಿಯದೆ ಬಂದಿದೆ.

೩. ತಿಳಿವಳಿಕೆಯನ್ನು ಹಂಚುವ ಸಂಸ್ಥೆಗಳು

ಅಳತೆಯು ಒಂದಾದ ಮೇಲೆ ಅನುಭವವನ್ನು ಹಂಚುವುದು ಸಾಧ್ಯವಾಯಿತು. ತೈಲದ ಬಿಕ್ಕಟ್ಟಿನ ತರುವಾಯ ೧೯೭೪ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಅಂತಾರಾಷ್ಟ್ರೀಯ ಶಕ್ತಿ ಸಂಸ್ಥೆಯ ಆಶ್ರಯದಲ್ಲಿ, ಸೌರ ವಿದ್ಯುದ್ವ್ಯವಸ್ಥೆಗಳಿಗೆ ಮೀಸಲಾದ ಒಂದು ಸಹಕಾರ ಕಾರ್ಯಕ್ರಮವು ೧೯೯೩ರಲ್ಲಿ ಆರಂಭವಾಯಿತು. ಅದು ತನ್ನ ಕೆಲಸವನ್ನು ಅಂಕೆ ಹಾಕಿದ ವಿಭಾಗಗಳಾಗಿ ಹಂಚಿಕೊಂಡಿದೆ. ಮೊದಲನೆಯ ವಿಭಾಗಕ್ಕೆ ಒಪ್ಪಿಸಿದ ಕೆಲಸವೇ ಮಾಹಿತಿಯ ವಿನಿಮಯ ಮತ್ತು ಪ್ರಸಾರ. ಸೇರಿದ ಪ್ರತಿಯೊಂದು ದೇಶವೂ ವರ್ಷದಲ್ಲಿ ಎಷ್ಟು ಸೌರಶಕ್ತಿಯನ್ನು ಸ್ಥಾಪಿಸಿತು, ಬೆಲೆ ಎಷ್ಟಿದ್ದಿತು, ಯಾವ ನಿಯಮಗಳು ಸಹಾಯಮಾಡಿದವು, ಯಾವುವು ಅಡ್ಡಿಯಾದವು ಎಂಬುದನ್ನು ಒಂದೇ ನಮೂನೆಯಲ್ಲಿ ಬರೆದು ಕೊಡುತ್ತದೆ. ಇವೆಲ್ಲವನ್ನೂ ಕೂಡಿಸಿ ಪ್ರತಿವರ್ಷ ಪ್ರಕಟಿಸುವ ವರದಿಯನ್ನು ಯಾರಾದರೂ ಬೆಲೆ ತೆರದೆ ಓದಬಹುದು. ಹದಿಮೂರನೆಯ ವಿಭಾಗವು ಫಲಕಗಳು ಹೇಗೆ ಕೆಡುತ್ತವೆ, ಎಷ್ಟು ಕಾಲ ಬಾಳುತ್ತವೆ ಎಂಬುದನ್ನೇ ವಿಚಾರಿಸುತ್ತದೆ.

ನಮೂನೆಯು ಒಂದೇ ಆಗಿರಬೇಕೆಂಬುದು ಸಣ್ಣ ಮಾತಲ್ಲ. ಒಂದು ಸ್ಥಾವರದ ಶಕ್ತಿಯನ್ನು ಫಲಕಗಳ ವ್ಯಾಟುಗಳನ್ನು ಕೂಡಿಸಿ ಹೇಳಬಹುದು. ಅಥವಾ ಆ ವಿದ್ಯುತ್ತನ್ನು ಮನೆಬಳಕೆಯ ವಿದ್ಯುತ್ತನ್ನಾಗಿ ಪರಿವರ್ತಿಸುವ ಇನ್ವರ್ಟರ್ ಯಂತ್ರದ ಶಕ್ತಿಯಿಂದ ಹೇಳಬಹುದು. ಕಾವು, ಧೂಳುಗಳ ನಷ್ಟವನ್ನು ತುಂಬಲು ಫಲಕಗಳನ್ನು ಯಂತ್ರದ ಶಕ್ತಿಗಿಂತ ಹೆಚ್ಚಾಗಿಯೇ ಜೋಡಿಸುವ ರೂಢಿಯಿರುವುದರಿಂದ ಮೊದಲನೆಯ ಅಂಕೆಯು ದೊಡ್ಡದಾಗಿರುತ್ತದೆ. ಕೆಲವು ದೇಶಗಳು ಮೊದಲನೆಯದನ್ನು ಕೊಡುತ್ತವೆ. ಭಾರತದ ದೊಡ್ಡ ಸ್ಥಾವರಗಳ ಅಂಕೆಯು ಸಾಮಾನ್ಯವಾಗಿ ಎರಡನೆಯ ಬಗೆಯದು. ಈ ಭೇದವನ್ನು ಗಮನಿಸದೆ ಎರಡು ದೇಶಗಳನ್ನು ಹೋಲಿಸುವವನು ಸೇರಿನೊಡನೆ ಕಿಲೋವನ್ನು ಹೋಲಿಸಿದಂತಾಗುವುದು.

ಭಾರತವು ೨೦೧೭ರಲ್ಲಿ ಶಕ್ತಿ ಸಂಸ್ಥೆಯ ಸಹಯೋಗಿ ರಾಷ್ಟ್ರವಾಯಿತು. ಅದಕ್ಕೆ ಮೊದಲು, ೨೦೧೫ರ ನವೆಂಬರ್ ೩೦ ರಂದು ಪ್ಯಾರಿಸಿನ ಹವಾಗುಣ ಸಮ್ಮೇಳನದಲ್ಲಿ ಭಾರತ ಮತ್ತು ಫ್ರಾನ್ಸ್ ಕೂಡಿ ಅಂತಾರಾಷ್ಟ್ರೀಯ ಸೌರ ಒಕ್ಕೂಟವನ್ನು ಘೋಷಿಸಿದ್ದವು. ಅದರ ಕಚೇರಿಯು ಗುರುಗ್ರಾಮದಲ್ಲಿದೆ. ಕರ್ಕಾಟಕ ಮಕರ ಸಂಕ್ರಾಂತಿ ವೃತ್ತಗಳ ನಡುವಣ ದೇಶಗಳನ್ನು, ಎಂದರೆ ಬಿಸಿಲು ಹೆಚ್ಚಾಗಿದ್ದು ಹಣ ಕಡಿಮೆಯಿರುವ ದೇಶಗಳನ್ನು, ಮುಖ್ಯವಾಗಿ ಕಣ್ಣಮುಂದಿಟ್ಟುಕೊಂಡು ಹುಟ್ಟಿದ ಸಂಸ್ಥೆ ಇದು. ಹಳೆಯ ವಿನಿಮಯವು ಬಹುಮಟ್ಟಿಗೆ ತಂಪು ದೇಶಗಳ ನಡುವೆ ನಡೆದಿದ್ದರೆ, ಬಿಸಿಲ ನಾಡುಗಳು ತಮ್ಮತಮ್ಮೊಳಗೆ ಮಾತಾಡಿಕೊಳ್ಳುವುದಕ್ಕೆ ಇದರಿಂದ ಒಂದು ನೆಲೆ ದೊರೆತಂತಾಯಿತು.

೪. ಕರ್ನಾಟಕದ ಅನುಭವ

ನಮ್ಮ ನಾಡು ಈ ವಿನಿಮಯದಿಂದ ಲಾಭ ಪಡೆದುದಕ್ಕೆ ಸ್ಪಷ್ಟವಾದ ದೃಷ್ಟಾಂತವೊಂದು ಉಂಟು. ಹರೀಶ ಹಂದೆಯವರು ಅಮೇರಿಕದಲ್ಲಿ ಶಕ್ತಿಶಾಸ್ತ್ರವನ್ನು ಓದುತ್ತಿದ್ದಾಗ ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ, ಅಲ್ಲಿಯ ಬಡವರು ಹಣ ತೆತ್ತು ಸೌರದೀಪಗಳನ್ನು ಬಳಸುತ್ತಿದ್ದುದನ್ನು ಕಂಡರು. ಬಡವರು ಇದನ್ನು ಕೊಳ್ಳಲಾರರು ಎಂಬ ನಂಬಿಕೆಗೆ ಅದು ಪ್ರತ್ಯಕ್ಷವಾದ ಉತ್ತರವಾಗಿದ್ದಿತು. ಆ ತಿಳಿವಳಿಕೆಯನ್ನು ಕರ್ನಾಟಕಕ್ಕೆ ತಂದು, ನೆವಿಲ್ ವಿಲಿಯಮ್ಸ್ ಎಂಬವರೊಡನೆ ೧೯೯೫ರಲ್ಲಿ ಸೆಲ್ಕೋ ಸಂಸ್ಥೆಯನ್ನು ಸ್ಥಾಪಿಸಿದರು. ೨೦೧೧ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು.

ಆದರೆ ಹೊರಗಿನಿಂದ ಬಂದ ತಿಳಿವಳಿಕೆಯು ಇಲ್ಲಿ ಬೇರುಬಿಟ್ಟುದು ಇಲ್ಲಿಯ ಒಂದು ಸಂಸ್ಥೆಯ ನೆರವಿನಿಂದ: ಗ್ರಾಮೀಣ ಬ್ಯಾಂಕು. ದಿನಗೂಲಿಯ ಮನೆಯವರು ಒಮ್ಮೆಗೆ ಪೂರ್ಣ ಬೆಲೆಯನ್ನು ತೆರಲಾರರು. ಸೀಮೆಎಣ್ಣೆಗೆ ತೆರುತ್ತಿದ್ದಷ್ಟನ್ನು ಕಂತಾಗಿ ತೆರಬಲ್ಲರು. ಸೌರದೀಪಕ್ಕೆ ಸಾಲ ಕೊಡಲು ಮುಂದಾದ ಬ್ಯಾಂಕುಗಳಲ್ಲಿ ಧಾರವಾಡದಲ್ಲಿ ಮುಖ್ಯ ಕಚೇರಿಯಿದ್ದ ಮಲಪ್ರಭಾ ಗ್ರಾಮೀಣ ಬ್ಯಾಂಕೂ ಒಂದು. ೨೦೦೩ರಲ್ಲಿ ಸಂಯುಕ್ತ ರಾಷ್ಟ್ರಗಳ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೊಡನೆ ಕೂಡಿ ದಕ್ಷಿಣ ಭಾರತದಲ್ಲಿ ಸೌರಸಾಲದ ಬಡ್ಡಿಯನ್ನು ತಗ್ಗಿಸುವ ಯೋಜನೆಯನ್ನು ನಡೆಸಿತು. ಕರ್ನಾಟಕವೇ ಅದರ ಮುಖ್ಯ ಕ್ಷೇತ್ರವಾಗಿದ್ದಿತು. ಅದೇ ಸಂಸ್ಥೆಯು ೨೦೦೫ರಲ್ಲಿ ಆಫ್ರಿಕದ ಟ್ಯುನೀಷಿಯದಲ್ಲಿ ಬಿಸಿಲಿನಿಂದ ನೀರು ಕಾಯಿಸುವ ಯಂತ್ರಗಳಿಗೂ ಸಾಲದ ಯೋಜನೆಯನ್ನು ಕೈಕೊಂಡಿತು. ಯಂತ್ರದ ವಿಚಾರವಷ್ಟೇ ಅಲ್ಲ, ಸಾಲದ ಕ್ರಮವೂ ಸಮುದ್ರವನ್ನು ದಾಟುವ ತಿಳಿವಳಿಕೆಯೇ ಸರಿ.

ದೊಡ್ಡ ಸ್ಥಾವರಗಳ ವಿಷಯದಲ್ಲಿ, ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಸುಮಾರು ೨೦೧೦ರ ಹೊತ್ತಿಗೆ ನಡೆಸತೊಡಗಿದ ೩ ಮೆಗಾವ್ಯಾಟಿನ ಸ್ಥಾವರವು ದೇಶದ ಮೊದಲಿನವುಗಳಲ್ಲಿ ಒಂದು. ಹತ್ತು ವರ್ಷ ಕಳೆಯುವಷ್ಟರಲ್ಲಿ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಐದು ಊರುಗಳ ಸುಮಾರು ೧೩,೦೦೦ ಎಕರೆ ನೆಲದ ಮೇಲೆ ೨೦೫೦ ಮೆಗಾವ್ಯಾಟಿನ ಸೌರೋದ್ಯಾನವು ಎದ್ದಿತು. ಜಮೀನನ್ನು ಕೊಳ್ಳದೆ ರೈತರಿಂದ ಗೇಣಿಗೆ, ನಮ್ಮ ಕಡೆಯ ಮಾತಿನಲ್ಲಿ ಲಾವಣಿಗೆ, ಪಡೆದುದು ಇದರ ವಿಶೇಷ. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ ೫ ರ ಏರಿಕೆ ಎಂದು ಗೊತ್ತಾಯಿತು. ಬರಗಾಲದ ನೆಲದ ಒಡೆಯರಿಗೆ ಇದು ನಿಶ್ಚಿತ ಆದಾಯವಾಯಿತು. ಆದರೆ ಆ ನೆಲದಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಭೂಹೀನರಿಗೆ ಗೇಣಿಯ ಪಾಲು ಇಲ್ಲ. ಬೇರೆ ದೇಶಗಳಿಗೆ ಪಾವಗಡದ ಮಾದರಿಯನ್ನು ತಿಳಿಸುವಾಗ ಈ ಎರಡನ್ನೂ ಹೇಳತಕ್ಕದ್ದು. ಯಶಸ್ಸನ್ನು ಮಾತ್ರ ಹಂಚಿದರೆ ಅದು ಪ್ರಚಾರವಾಗುವುದು, ತಿಳಿವಳಿಕೆಯಾಗದು.

೫. ನಮ್ಮ ಬಿಸಿಲಿನ ಸಾಕ್ಷ್ಯ

ಈಗ ೨೫ ವರ್ಷಗಳ ಭರವಸೆಗೆ ಬರೋಣ. ಯಾವ ಫಲಕವೂ ಕೊನೆಯವರೆಗೆ ಮೊದಲಿನ ಶಕ್ತಿಯನ್ನು ಉಳಿಸಿಕೊಳ್ಳದು. ವರ್ಷವರ್ಷಕ್ಕೂ ಸ್ವಲ್ಪ ಸವೆಯುತ್ತದೆ. ವರ್ಷಕ್ಕೆ ಶೇಕಡಾ ೦.೭ ರಂತೆ ಸವೆದರೆ ೨೫ ವರ್ಷಗಳ ಕೊನೆಗೆ ೧೭.೫ ಪಾಲು ಹೋಗಿ ೮೨.೫ ಉಳಿಯುವುದು. ಶೇಕಡಾ ೨ ರಂತೆ ಸವೆದರೆ ಅರ್ಧವೇ ಹೋಗುವುದು. ಸಾಲದ ಕಂತನ್ನು ವಿದ್ಯುತ್ತಿನ ಉಳಿತಾಯದಿಂದ ತೀರಿಸುವೆನೆಂದು ಲೆಕ್ಕ ಹಾಕಿದವನಿಗೆ ಈ ಎರಡು ಅಂಕೆಗಳ ನಡುವಣ ಅಂತರವು ಲಾಭನಷ್ಟಗಳ ಅಂತರವಾಗಿದೆ.

ಭಾರತದಲ್ಲಿ ಸವೆತದ ನಿಜಸ್ಥಿತಿ ಏನೆಂಬುದನ್ನು ತಿಳಿಯಲು ಮುಂಬಯಿಯ ಐ.ಐ.ಟಿ.ಯ ಸೌರಸಂಶೋಧನ ಕೇಂದ್ರವೂ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆಯೂ ಕೂಡಿ ೨೦೧೩ರಿಂದ ಹಲವು ಸಲ ದೇಶದ ಬೇರೆಬೇರೆ ಹವಾಗುಣದ ಪ್ರದೇಶಗಳಿಗೆ ಹೋಗಿ, ನಿಂತಲ್ಲಿಯೇ ಫಲಕಗಳನ್ನು ಪರೀಕ್ಷಿಸಿದವು. ಆ ಸಮೀಕ್ಷೆಗಳಿಂದ ಹೊರಪಟ್ಟ ಎರಡು ಸಂಗತಿಗಳು ನಮಗೆ ಮುಖ್ಯ. ತಂಪು ಪ್ರದೇಶಗಳಿಗಿಂತ ಬಿಸಿ ಪ್ರದೇಶಗಳಲ್ಲಿ ಫಲಕಗಳು ಬೇಗ ಸವೆಯುತ್ತವೆ; ನೆಲದ ಮೇಲಿನ ದೊಡ್ಡ ಸ್ಥಾವರಗಳಿಗಿಂತ ಮಾಳಿಗೆಯ ಮೇಲಿನ ಸಣ್ಣ ಜೋಡಣೆಗಳಲ್ಲಿ ಸವೆತ ಹೆಚ್ಚು. ಮಾಳಿಗೆಗೆ ತಾಗಿ ನಿಂತ ಫಲಕದ ಹಿಂದೆ ಗಾಳಿಯಾಡದೆ ಕಾವು ಹೆಚ್ಚುವುದು ಒಂದು ಕಾರಣ. ಸಾಗಿಸುವಾಗ, ಮೇಲೇರಿಸುವಾಗ, ಜೋಡಿಸುವಾಗ ಕಣ್ಣಿಗೆ ಕಾಣದ ಬಿರುಕುಗಳು ಕೋಶದಲ್ಲಿ ಮೂಡುವುದು ಇನ್ನೊಂದು ಕಾರಣ. ಎರಡನೆಯದಕ್ಕೆ ಕಾರ್ಖಾನೆಯು ಹೊಣೆಯಲ್ಲ. ಅದು ಕೆಲಸಗಾರನ ಕೈಯಲ್ಲಿದೆ, ಅವನಿಗೆ ಯಾರೂ ಹೇಳಿಕೊಡದಿದ್ದ ಮಾತಿನಲ್ಲಿದೆ.

ಈ ಬಗೆಯ ಸಾಕ್ಷ್ಯವು ಬಿಸಿ ನಾಡುಗಳಿಂದ ಕೂಡಿಬಂದಂತೆ ಮಾನಕವನ್ನು ಬರೆಯುವವರೂ ಅದಕ್ಕೆ ಕಿವಿಗೊಟ್ಟರು. ಅಂತಾರಾಷ್ಟ್ರೀಯ ಆಯೋಗವು ೨೦೨೦ರಲ್ಲಿ ಹೆಚ್ಚು ಉಷ್ಣಮಾನದಲ್ಲಿ ದುಡಿಯುವ ಫಲಕಗಳಿಗಾಗಿಯೇ ೬೩೧೨೬ ಎಂಬ ಅಂಕೆಯ ಬೇರೊಂದು ವಿಧಾನವನ್ನು ಪ್ರಕಟಿಸಿತು. ಫಲಕದ ಉಷ್ಣಮಾನವು ವರ್ಷದಲ್ಲಿ ಒಂದಷ್ಟು ಕಾಲ ೭೦ ಡಿಗ್ರಿಯನ್ನು ಮೀರುವಲ್ಲಿ ಹಳೆಯ ಪರೀಕ್ಷೆಯನ್ನು ಇನ್ನೂ ಬಿಗಿಯಾದ ಕಾವಿನಲ್ಲಿ ನಡೆಸಬೇಕೆಂಬುದು ಅದರ ಸಾರಾಂಶ. ಬಿಸಿಲ ನಾಡಿನ ಅನುಭವವು ಮೇಲಕ್ಕೆ ಮುಟ್ಟಿದರೆ ಮಾನಕವು ಬದಲಾಗಬಲ್ಲುದು ಎಂಬುದಕ್ಕೆ ಇದೇ ಪ್ರಮಾಣ.

ಕಾವಿನಂತೆಯೇ ಧೂಳಿನ ಮಾತೂ ಇದೆ. ಹುಬ್ಬಳ್ಳಿಯ ಪೂರ್ವಕ್ಕೆ ಎರೆಭೂಮಿ. ಬೇಸಗೆಯಲ್ಲಿ ಅಲ್ಲಿಂದ ಏಳುವ ನುಣುಪಾದ ಧೂಳು ಫಲಕದ ಗಾಜಿನ ಮೇಲೆ ಕೂಡ್ರುತ್ತದೆ; ಇಬ್ಬನಿಯಿಂದ ನೆನೆದು ಒಣಗಿದರೆ ಅಂಟಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಳೆಯೇ ತೊಳೆಯುವುದರಿಂದ ಚಿಂತೆಯಿಲ್ಲ. ಮಳೆಯಿಲ್ಲದ ತಿಂಗಳುಗಳಲ್ಲಿ ಎಷ್ಟು ದಿನಕ್ಕೊಮ್ಮೆ ತೊಳೆದರೆ ನೀರಿನ ವೆಚ್ಚಕ್ಕಿಂತ ವಿದ್ಯುತ್ತಿನ ಲಾಭವು ಹೆಚ್ಚಾಗುವುದು ಎಂಬುದು ಲೆಕ್ಕದ ಪ್ರಶ್ನೆ. ಮರುಭೂಮಿಯ ದೇಶಗಳಲ್ಲಿ ಈ ಲೆಕ್ಕವನ್ನು ಮಾಡಿರುವರು. ಆದರೆ ಅಲ್ಲಿಯ ಮರಳು ಇಲ್ಲಿಯ ಎರೆಮಣ್ಣಲ್ಲ. ಲೆಕ್ಕದ ಕ್ರಮವನ್ನು ಅವರಿಂದ ಕಲಿಯಬಹುದು. ಅಂಕೆಯನ್ನು ನಾವೇ ಕಂಡುಕೊಳ್ಳಬೇಕು.

೬. ಬೆಂಗೇರಿಯ ಧ್ವಜ

ಮಾನಕವೆಂದರೇನು ಎಂಬುದನ್ನು ಬೆ೦ಗೇರಿಯವರಿಗೆ ವಿವರಿಸಬೇಕಾದುದಿಲ್ಲ. ೧೯೫೭ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಇಲ್ಲಿಯೇ ಇದ್ದು, ಭಾರತೀಯ ಮಾನಕ ಸಂಸ್ಥೆಯ ಪ್ರಮಾಣದೊಡನೆ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತದೆ. ಬಾಗಲಕೋಟೆಯ ಬಳಿಯ ತುಳಸಿಗೇರಿಯಲ್ಲಿ ನೆಯ್ದ ಬಟ್ಟೆಯು ಇಲ್ಲಿಗೆ ಬಂದು ಬಣ್ಣ ಪಡೆದು ಧ್ವಜವಾಗುತ್ತದೆ. ಆ ಸಂಸ್ಥೆಯ ಮಾನಕಗಳಲ್ಲಿ ಒಂದನೆಯ ಅಂಕೆಯದೇ ಧ್ವಜದ್ದು. ನೂಲಿನ ಎಣಿಕೆ, ಬಟ್ಟೆಯ ತೂಕ ಮತ್ತು ಬಲ, ಉದ್ದಗಲಗಳ ೩:೨ ರ ಪ್ರಮಾಣ, ಚಕ್ರದ ೨೪ ಅರೆಗಳು, ಬಿಸಿಲಿಗೂ ಒಗೆತಕ್ಕೂ ಬಣ್ಣವು ಬಿಡದಿರುವುದು ಇವೆಲ್ಲವನ್ನೂ ಅದು ಗೊತ್ತುಪಡಿಸಿದೆ. ಇವುಗಳಲ್ಲಿ ಒಂದು ತಪ್ಪಿದರೂ ಧ್ವಜವು ತಿರಸ್ಕೃತವಾಗುವುದು.

ಸೌರ ಫಲಕಕ್ಕೂ ಭಾರತದಲ್ಲಿ ಮಾನಕವನ್ನು ಗೊತ್ತುಪಡಿಸುವುದು ಇದೇ ಸಂಸ್ಥೆ. ಅಂತಾರಾಷ್ಟ್ರೀಯ ೬೧೨೧೫ ಕ್ಕೆ ಹೊಂದುವ ಭಾರತೀಯ ಮಾನಕದ ಅಂಕೆ ೧೪೨೮೬. ೨೦೧೭ರ ಸರಕಾರಿ ಆಜ್ಞೆಯು ಫಲಕಗಳು ಇಂಥ ಮಾನಕಗಳಿಗೆ ಒಪ್ಪಬೇಕೆಂದು ಕಡ್ಡಾಯಮಾಡಿತು. ಆದರೆ ಎರಡರ ನಡುವೆ ಒಂದು ಭೇದವುಂಟು. ಧ್ವಜದ ಮಾನಕವನ್ನು ಬರೆದವರು ಈ ನಾಡಿನ ನೂಲನ್ನೂ ಮಗ್ಗವನ್ನೂ ಬಿಸಿಲನ್ನೂ ಬಲ್ಲವರು. ಫಲಕದ ಮಾನಕದ ಮೂಲಪಾಠವು ಬೇರೆ ನೆಲದ ಅನುಭವದಿಂದ ಬಂದುದು. ಅದನ್ನು ನಾವು ಒಪ್ಪಿಕೊಂಡುದು ಸರಿಯೆ. ಒಪ್ಪದಿದ್ದರೆ ಲೋಕದ ಪೇಟೆಯಿಂದ ಹೊರಗುಳಿಯುತ್ತಿದ್ದೆವು. ಒಪ್ಪಿಕೊಂಡ ಮೇಲೆ ಸುಮ್ಮನೆ ಕೂಡ್ರುವುದು ಮಾತ್ರ ಸರಿಯಲ್ಲ. ಮಾನಕವನ್ನು ತಿದ್ದುವ ಸಮಿತಿಗಳಲ್ಲಿ ಭಾರತಕ್ಕೆ ಸ್ಥಾನವುಂಟು. ಆ ಸ್ಥಾನದಲ್ಲಿ ಕುಳಿತವರು ಮುಂದಿಡಬೇಕಾದುದು ಊರೂರುಗಳಿಂದ ಬಂದ ಅಳತೆಯ ದಾಖಲೆಗಳನ್ನು.

೭. ಮುಂದೆ ಆಗತಕ್ಕ ಕೆಲಸ

ಅಂಥ ದಾಖಲೆಗಳು ಬರಬೇಕಾದುದು ಎಲ್ಲಿಂದ? ೨೦೨೪ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಒಂದು ಕೋಟಿ ಮನೆಗಳ ಮಾಳಿಗೆಗಳಿಗೆ ಫಲಕ ಹಾಕಿಸುವ ಸಂಕಲ್ಪದಿಂದ ಸೂರ್ಯಘರ್ ಯೋಜನೆಯನ್ನು ಆರಂಭಿಸಿ, ೩ ಕಿಲೋವ್ಯಾಟಿನ ಜೋಡಣೆಗೆ ೭೮,೦೦೦ ರೂಪಾಯಿಗಳವರೆಗೆ ಸಹಾಯಧನವನ್ನು ಗೊತ್ತುಮಾಡಿತು. ಮಾಳಿಗೆಯ ಫಲಕಗಳೇ ಹೆಚ್ಚು ಸವೆಯುವುವೆಂದು ಸಮೀಕ್ಷೆಯು ತೋರಿಸಿರುವಾಗ, ಸಾಕ್ಷ್ಯವು ಕೂಡಬೇಕಾದುದೂ ಈ ಮಾಳಿಗೆಗಳಿಂದಲೇ. ಇದಕ್ಕೆ ದೊಡ್ಡ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಫಲಕದ ಜಾತಿ, ಹಾಕಿಸಿದ ತಿಂಗಳು ಮತ್ತು ವರ್ಷ, ಅದು ನಿಂತ ದಿಕ್ಕು ಮತ್ತು ಓರೆ, ಮಾಳಿಗೆಗೂ ಅದಕ್ಕೂ ನಡುವಿನ ಅಂತರ, ತೊಳೆದ ದಿನಗಳು, ತಿಂಗಳ ಕೊನೆಗೆ ಮೀಟರು ತೋರಿಸಿದ ಯೂನಿಟುಗಳು ಇಷ್ಟನ್ನು ಒಂದೇ ನಮೂನೆಯಲ್ಲಿ ಬರೆದಿಟ್ಟರೆ, ಕೆಲವು ವರ್ಷಗಳಲ್ಲಿ ಅದು ಬೆಲೆಯುಳ್ಳ ಸಾಮಗ್ರಿಯಾಗುವುದು. ನಮೂನೆಯನ್ನು ಹೊಸದಾಗಿ ಕಲ್ಪಿಸಬೇಕಾದುದೂ ಇಲ್ಲ. ಅಂತಾರಾಷ್ಟ್ರೀಯ ಕಾರ್ಯಕ್ರಮದವರು ಬಳಸುವ ನಮೂನೆಗೆ ಹೊಂದುವಂತೆ ಕನ್ನಡದಲ್ಲಿ ಮಾಡಿದರೆ ಸಾಕು.

ಹುಬ್ಬಳ್ಳಿ ಧಾರವಾಡಗಳಲ್ಲಿ ಇದಕ್ಕೆ ಬೇಕಾದ ಜನವೂ ಸ್ಥಾನವೂ ಉಂಟು. ೧೯೪೭ರಲ್ಲಿ ಆರಂಭವಾದ ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜು ಈಗ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ವಿದ್ಯಾನಗರದಲ್ಲಿದೆ. ೨೦೧೬ರಿಂದ ಧಾರವಾಡದಲ್ಲಿ ಐ.ಐ.ಟಿ. ನಡೆಯುತ್ತಿದೆ, ಏಳು ಜಿಲ್ಲೆಗಳಿಗೆ ವಿದ್ಯುತ್ತನ್ನು ಹಂಚುವ ಹೆಸ್ಕಾಂ ಕಂಪನಿಯ ಮುಖ್ಯ ಕಚೇರಿಯೂ ಹುಬ್ಬಳ್ಳಿಯಲ್ಲಿಯೇ ಇದೆ. ಮೀಟರಿನ ಅಂಕೆಗಳು ಕಂಪನಿಯ ಬಳಿಯಲ್ಲಿ, ಅಳೆಯುವ ವಿದ್ಯೆಯು ಕಾಲೇಜುಗಳಲ್ಲಿ, ಫಲಕವು ಜನರ ಮಾಳಿಗೆಯ ಮೇಲೆ. ಈ ಮೂರನ್ನು ಕೂಡಿಸುವುದೇ ಆಗಬೇಕಾದ ಕೆಲಸ.

ಇದರಲ್ಲಿ ಅಡ್ಡಿಗಳು ಇಲ್ಲದಿಲ್ಲ. ದೊಡ್ಡ ಸ್ಥಾವರದ ಒಡೆಯರು ತಮ್ಮ ನಷ್ಟದ ಅಂಕೆಗಳನ್ನು ಹೊರಗೆಡಹಲು ಒಪ್ಪುವುದಿಲ್ಲ. ಮನೆಯವರಿಗೆ ತಮ್ಮ ಮೀಟರಿನ ಲೆಕ್ಕವನ್ನು ಪರರಿಗೆ ಕೊಡುವುದರಲ್ಲಿ ಸಂಕೋಚವಿರುವುದು ಸಹಜ. ಹೆಸರುಗಳನ್ನು ಬಿಟ್ಟು ಅಂಕೆಗಳನ್ನಷ್ಟೇ ಕೂಡಿಸಿದರೆ ಈ ಸಂಕೋಚವು ಬಹುಮಟ್ಟಿಗೆ ನೀಗುವುದು. ಇನ್ನೊಂದು ಅಡ್ಡಿ ಭಾಷೆಯದು. ಲೋಕದ ವರದಿಗಳು ಇಂಗ್ಲಿಷಿನಲ್ಲಿವೆ; ಏಣಿಯೇರಿ ಫಲಕವನ್ನು ಜೋಡಿಸುವವನ ಕಲಿಕೆಯು ಕನ್ನಡದಲ್ಲಿದೆ. ಬಿರುಕು ಹೇಗೆ ಮೂಡುತ್ತದೆ, ಫಲಕದ ಮೇಲೆ ಕಾಲಿಡಬಾರದೇಕೆ, ಹಿಂದೆ ಎಷ್ಟು ಅಂತರ ಬಿಡಬೇಕು ಎಂಬ ಹತ್ತು ಮಾತುಗಳು ಅವನಿಗೆ ಅವನ ಭಾಷೆಯಲ್ಲಿ ಮುಟ್ಟಿದರೆ, ದಾವೋಸಿನಲ್ಲಿಯೂ ಇಸ್‌ಪ್ರಾದಲ್ಲಿಯೂ ನಡೆದ ಕೆಲಸವು ಬೆಂಗೇರಿಯ ಮಾಳಿಗೆಯ ಮೇಲೆ ಫಲಕೊಡುವುದು. ಅವನು ಕಂಡುದನ್ನು ಕೇಳಿ ಬರೆದಿಡುವವರಿದ್ದರೆ ಅವನ ಅನುಭವವೂ ಅಲ್ಲಿಗೆ ಮುಟ್ಟುವುದು. ಇಂಥ ದಾಖಲೆಯನ್ನು ಮೊದಲಿಗೆ ಒಂದೇ ಬಡಾವಣೆಯಲ್ಲಿ, ಒಂದು ನೂರು ಮಾಳಿಗೆಗಳಿಂದ, ಮುಂದಿನ ಬೇಸಗೆಯ ಒಳಗಾಗಿ ಆರಂಭಿಸಬಹುದಾಗಿದೆ. ಇಲ್ಲಿಯ ವಿದ್ಯಾಸಂಸ್ಥೆಗಳು ಈ ಕಾರ್ಯಕ್ಕೆ ಕೈಹಾಕಬೇಕೆಂದು ವಿನಂತಿಸಿಕೊಂಡು ಈ ವಿಷಯವನ್ನು ವಾಚಕರ ವಿಚಾರಕ್ಕೆ ಒಪ್ಪಿಸಲಾಗಿದೆ.